ಫೋನ್ ಲೋಗೋದಲ್ಲೇ ನಿಂತರೆ ರೀಸೆಟ್ ಮಾಡಬೇಕೆ? ‘ನೀನು ಮೊದಲು, ನಾನು ಆಮೇಲೆ’ ಎಂಬ ಜಗಳವನ್ನು ಕರ್ನೆಲ್ ಬಿಡಿಸುವ ಬಗೆ

“ಫೋನ್ ಆನ್ ಆಗದೆ ಕಂಪನಿಯ ಲೋಗೋದಲ್ಲೇ ನಿಂತಿದೆಯೇ? ತಕ್ಷಣ ಫ್ಯಾಕ್ಟರಿ ರೀಸೆಟ್ ಮಾಡಿ, ನೂರಕ್ಕೆ ನೂರು ಸರಿಹೋಗುತ್ತದೆ. ಎಲ್ಲರಿಗೂ ಕಳಿಸಿ.”

ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಗಾಬರಿಯಲ್ಲಿ ಅದನ್ನು ಪಾಲಿಸಿದವರ ಫೋನ್ ಕೆಲವೊಮ್ಮೆ ಸರಿಹೋಗುತ್ತದೆ. ಕೆಲವೊಮ್ಮೆ ಫೋನ್ ಅದೇ ಲೋಗೋದಲ್ಲಿ ನಿಂತಿರುತ್ತದೆ, ಆದರೆ ಒಳಗಿದ್ದ ಮಗುವಿನ ಫೋಟೊ, ತೀರಿಕೊಂಡ ಅಜ್ಜಿಯ ದನಿ, ಪಹಣಿಯ ಚಿತ್ರ ಎಲ್ಲವೂ ಅಳಿಸಿಹೋಗಿರುತ್ತವೆ. ಹೀಗೇಕೆ? ಉತ್ತರ ತಿಳಿಯಲು ಫೋನ್ ಆನ್ ಆಗುವಾಗ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು. ಅಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ಒಂದು ದೊಡ್ಡ ಸರದಿ ಇದೆ.

ಚುಟುಕು ಉತ್ತರ

ಫ್ಯಾಕ್ಟರಿ ರೀಸೆಟ್ ಅಳಿಸುವುದು ನಿಮ್ಮ ಡೇಟಾ ಮತ್ತು ಆ್ಯಪ್‌ಗಳನ್ನು. ಫೋನಿನ ಭಾಗಗಳನ್ನು ಸರದಿಯಂತೆ ಎಬ್ಬಿಸುವ ಕರ್ನೆಲ್ ಎಂಬ ತಂತ್ರಾಂಶವನ್ನು ಅದು ಮುಟ್ಟುವುದೇ ಇಲ್ಲ. ದೋಷ ಕರ್ನೆಲ್‌ನಲ್ಲೋ ಹಾರ್ಡ್‌ವೇರ್‌ನಲ್ಲೋ ಇದ್ದರೆ ರೀಸೆಟ್‌ನಿಂದ ಲಾಭವಿಲ್ಲ, ನಷ್ಟ ಮಾತ್ರ. ಆದ್ದರಿಂದ ಅದು ಕೊನೆಯ ಉಪಾಯವಾಗಿರಬೇಕು, ಮೊದಲನೆಯದಲ್ಲ.

ನೀರೆತ್ತಲು ನೀರು ಬೇಕು!

ಪಾಂಡವಪುರದ ಕಡೆ ತೆರೆದ ಬಾವಿಗೋ ನಾಲೆಗೋ ಮೋಟಾರು ಇಟ್ಟವರಿಗೆ ಒಂದು ತಾಪತ್ರಯ ಗೊತ್ತಿರುತ್ತದೆ. ಪಂಪು ಮೇಲಿರುತ್ತದೆ, ನೀರು ಕೆಳಗಿರುತ್ತದೆ. ಪೈಪಿನ ತುದಿಯ ಫುಟ್‌ವಾಲ್ವ್ ಸೋರಿ ಪೈಪು ಬರಿದಾದರೆ ಮೋಟಾರು ಎಷ್ಟು ತಿರುಗಿದರೂ ನೀರು ಬರುವುದಿಲ್ಲ. ನೀರೆತ್ತಬೇಕಾದರೆ ಪಂಪಿನೊಳಗೆ ಮೊದಲೇ ನೀರು ತುಂಬಿರಬೇಕು. ಆ ನೀರು ಎಲ್ಲಿಂದ ಬರಬೇಕು? ಅದನ್ನೂ ಪಂಪೇ ಎತ್ತಬೇಕು!

ಪಂಪಿಗೆ ನೀರು ಬೇಕು, ನೀರಿಗೆ ಪಂಪು ಬೇಕು. ಇದೇ ಸುತ್ತು ಅವಲಂಬನೆ. ರೈತರು ಇದನ್ನು ಬಿಡಿಸುವುದು ಸುಲಭವಾಗಿ: ಒಂದೆರಡು ಬಿಂದಿಗೆ ನೀರನ್ನು ಹೊರಗಿನಿಂದ ಸುರಿಯುತ್ತಾರೆ. ಒಮ್ಮೆ ಹರಿಯಲು ಶುರುವಾದರೆ ಮುಂದೆ ತೊಂದರೆಯಿಲ್ಲ.

ನಾಗಮಂಗಲದ ಕಡೆ ಕೊಳವೆಬಾವಿಗೆ ಇಳಿಬಿಡುವ ಸಬ್‌ಮರ್ಸಿಬಲ್ ಪಂಪಿಗೆ ಈ ಕಷ್ಟವೇ ಇಲ್ಲ, ಏಕೆಂದರೆ ಅದು ನೀರಿನಲ್ಲೇ ಮುಳುಗಿರುತ್ತದೆ. ಅಂದರೆ ಸುತ್ತಿನಿಂದ ಪಾರಾಗಲು ಎರಡು ದಾರಿಗಳಿವೆ. ಒಂದು, ಹೊರಗಿನಿಂದ ಒಂದು ತಳ್ಳು ಕೊಡುವುದು. ಇನ್ನೊಂದು, ಸುತ್ತೇ ಬಾರದಂತೆ ಕಟ್ಟುವುದು. ಫೋನಿನಲ್ಲಿ ಈ ಎರಡೂ ಬಳಕೆಯಲ್ಲಿವೆ.

ಕರ್ನೆಲ್ ಎಂದರೇನು? ಅದಕ್ಕೆ ಸರದಿಯ ಚಿಂತೆ ಏಕೆ?

ಫೋನಿನ ಹಾರ್ಡ್‌ವೇರ್ ಮತ್ತು ಆ್ಯಪ್‌ಗಳ ನಡುವೆ ನಿಂತು ಎಲ್ಲವನ್ನೂ ನಿಭಾಯಿಸುವ ತಂತ್ರಾಂಶವೇ ಕರ್ನೆಲ್. ಆಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಈ ಕೆಲಸವನ್ನು ಇಂದು ಜಗತ್ತಿನಾದ್ಯಂತ ಸಾವಿರಾರು ಎಂಜಿನಿಯರುಗಳು ಮುಂದುವರಿಸಿದ್ದಾರೆ.

ಫೋನಿನೊಳಗೆ ಪರದೆ, ಕ್ಯಾಮೆರಾ, ಸ್ಪೀಕರ್, ಚಾರ್ಜರ್, ವೈಫೈ ಹೀಗೆ ನೂರಾರು ಭಾಗಗಳಿವೆ. ಪ್ರತಿಯೊಂದನ್ನೂ ನಡೆಸಲು ಕರ್ನೆಲ್‌ನಲ್ಲಿ ಒಂದು ಡ್ರೈವರ್ ಇರುತ್ತದೆ. ಆದರೆ ಯಾವ ಭಾಗವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕ್ಯಾಮೆರಾಗೆ ಸರಿಯಾದ ವೋಲ್ಟೇಜ್ ಕೊಡಲು ರೆಗ್ಯುಲೇಟರ್ ಬೇಕು. ತಾಳ ತಪ್ಪದೆ ಕೆಲಸ ಮಾಡಲು ಕ್ಲಾಕ್ ಬೇಕು, ಅಂದರೆ ಸೆಕೆಂಡಿಗೆ ಲಕ್ಷಾಂತರ ಬಾರಿ ಮಿಡಿಯುವ ಸಂಕೇತ. ಆ ರೆಗ್ಯುಲೇಟರಿನ ಜೊತೆ ಮಾತಾಡಲು ಇನ್ನೊಂದು ಸಂಪರ್ಕದ ತಂತಿ ಬೇಕು. ಒಂದು ಪೂರೈಸುವ ಭಾಗ, ಇನ್ನೊಂದು ಪಡೆಯುವ ಭಾಗ.

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸಿಕೊಳ್ಳಿ. ಅಣೆಕಟ್ಟೆಯಿಂದ ಮುಖ್ಯ ನಾಲೆ, ಅದರಿಂದ ಉಪನಾಲೆ, ಅಲ್ಲಿಂದ ಗದ್ದೆಯ ಕಾಲುವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಗದ್ದೆಗೆ ನೀರು ಬರಬೇಕಾದರೆ ಮೇಲಿನ ತೂಬುಗಳು ಮೊದಲು ತೆರೆಯಬೇಕು. ಗದ್ದೆಯ ನೀರು ಹಿಂದಕ್ಕೆ ಹರಿದು ಕಟ್ಟೆಯನ್ನು ತುಂಬಿಸುವುದಿಲ್ಲ. ಎಲ್ಲವೂ ಒಂದೇ ದಿಕ್ಕು. ಫೋನಿನಲ್ಲೂ ಯಾವುದು ಯಾರಿಗೆ ಬೇಕು ಎಂಬ ಪಟ್ಟಿಯನ್ನು ತಯಾರಕರು ಬರೆದು ಕೊಡುತ್ತಾರೆ. ಅದರ ಹೆಸರು ಡಿವೈಸ್ ಟ್ರೀ. ಹೆಸರಿನಲ್ಲೇ ಮರವಿದೆ: ಬುಡದಿಂದ ಕೊಂಬೆಗೆ, ಕೊಂಬೆಯಿಂದ ಎಲೆಗೆ.

ಹಾಗಾದರೆ ಸುತ್ತು ಎಲ್ಲಿಂದ ಬಂತು?

ನಿಜವಾದ ಒಂದು ಉದಾಹರಣೆ ನೋಡೋಣ. 2018ರ ಒನ್‌ಪ್ಲಸ್ 6 ಮತ್ತು ಪೋಕೊ ಎಫ್1 ಫೋನುಗಳಲ್ಲಿದ್ದದ್ದು ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್. ಅದರಲ್ಲಿ ಪರದೆಗೆ ಸಂಬಂಧಿಸಿದ ಎರಡು ಭಾಗಗಳಿವೆ. ಒಂದು, ಪರದೆಯ ವ್ಯವಸ್ಥೆಗೆ ಬೇಕಾದ ಮಿಡಿತಗಳನ್ನು ಹಂಚುವ ಡಿಸ್‌ಪ್ಲೇ ಕ್ಲಾಕ್ ಕಂಟ್ರೋಲರ್. ಇನ್ನೊಂದು, ಪರದೆಯ ತಂತಿಗಳಿಗೆ ಚಿತ್ರವನ್ನು ದಾಟಿಸುವ ಡಿಎಸ್‌ಐ ಫೈ.

ಚಿತ್ರದ ಚುಕ್ಕಿಗಳಿಗೆ ಬೇಕಾದ ವೇಗದ ಮಿಡಿತ ಹುಟ್ಟುವುದು ಡಿಎಸ್‌ಐ ಫೈಯಲ್ಲಿ. ಅದನ್ನು ಕಂಟ್ರೋಲರ್ ಪಡೆದು ಹಂಚುತ್ತದೆ. ಆದರೆ ಡಿಎಸ್‌ಐ ಫೈಗೆ ಆಜ್ಞೆ ಕೊಡಬೇಕಾದರೆ ಅದಕ್ಕೆ ಇನ್ನೊಂದು ಮಿಡಿತ ಬೇಕು. ಅದನ್ನು ಕೊಡುವುದು ಅದೇ ಕಂಟ್ರೋಲರ್! ಡಿವೈಸ್ ಟ್ರೀ ಪಟ್ಟಿಯಲ್ಲಿ ‘ಕಂಟ್ರೋಲರಿಗೆ ಫೈ ಬೇಕು’ ಎಂದೂ ಬರೆದಿದೆ, ‘ಫೈಗೆ ಕಂಟ್ರೋಲರ್ ಬೇಕು’ ಎಂದೂ ಬರೆದಿದೆ. ಕ್ಯಾಮೆರಾ ಸೆನ್ಸರ್ ಮತ್ತು ಅದರ ಚಿತ್ರವನ್ನು ಸ್ವೀಕರಿಸುವ ಭಾಗಕ್ಕೂ ಹೀಗೆಯೇ. ಒಂದರ ವಿವರದಲ್ಲಿ ಇನ್ನೊಂದರ ವಿಳಾಸ, ಇನ್ನೊಂದರಲ್ಲಿ ಇದರ ವಿಳಾಸ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹಾರ್ಡ್‌ವೇರ್‌ನಲ್ಲೇ ನಿಜವಾದ ಸುತ್ತು ಇದ್ದಿದ್ದರೆ ಆ ಫೋನು ಎಂದಿಗೂ ಆನ್ ಆಗುತ್ತಿರಲಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ಮಿಡಿತಗಳು. ಕಂಟ್ರೋಲರ್ ಕೊಡುವ ಆಜ್ಞೆಯ ಮಿಡಿತ ಬೇರೆ ಮೂಲದಿಂದ ಬರುತ್ತದೆ, ಅದಕ್ಕೆ ಫೈ ಬೇಕಿಲ್ಲ. ಅಂದರೆ ಸುತ್ತು ಇರುವುದು ಬಹುಮಟ್ಟಿಗೆ ಕಾಗದದ ಮೇಲೆ.

ಕೆ.ಆರ್. ಪೇಟೆ ಕಡೆಯ ಆಲೆಮನೆಯನ್ನೇ ನೋಡಿ. ಕಬ್ಬಿನ ರಸ ಕಾಯಿಸಲು ಒಲೆ ಉರಿಯಬೇಕು. ಒಲೆಗೆ ಹಾಕುವುದು ಗಾಣದಿಂದ ಬಂದ ಕಬ್ಬಿನ ಸಿಪ್ಪೆ. ‘ಗಾಣದ ರಸಕ್ಕೆ ಒಲೆ ಬೇಕು, ಒಲೆಗೆ ಗಾಣ ಬೇಕು’ ಎಂದು ಪಟ್ಟಿ ಬರೆದರೆ ಸುತ್ತಿನಂತೆ ಕಾಣುತ್ತದೆ. ಆದರೆ ಇಂದು ಉರಿಯುತ್ತಿರುವುದು ಹಿಂದೆ ಅರೆದು ಒಣಗಿಸಿದ ಸಿಪ್ಪೆ. ಕೊಡುವ ವಸ್ತು ಬೇರೆ, ಕೊಡುವ ಹೊತ್ತು ಬೇರೆ. ಇದು ಬೆಲ್ಲ ಮಾಡುವವರಿಗೆ ಗೊತ್ತು, ಬರೀ ಪಟ್ಟಿ ಓದುವವರಿಗೆ ಗೊತ್ತಿಲ್ಲ. ಕರ್ನೆಲ್ ಓದುವುದು ಪಟ್ಟಿಯನ್ನು!

ಕರ್ನೆಲ್ ಈ ಗಂಟನ್ನು ಬಿಡಿಸುವುದು ಹೇಗೆ?

1. ‘ಆಮೇಲೆ ಬಾ’ ಎನ್ನುವುದು

ಡ್ರೈವರ್ ಏಳುವಾಗ ತನಗೆ ಬೇಕಾದ ಭಾಗ ಇನ್ನೂ ಸಿದ್ಧವಾಗಿಲ್ಲದಿದ್ದರೆ ‘ನನ್ನನ್ನು ಆಮೇಲೆ ಕರೆಯಿರಿ’ ಎಂದು ಹೇಳಿ ಹಿಂದೆ ಸರಿಯುತ್ತದೆ. ಬೇರೆ ಯಾವುದಾದರೂ ಭಾಗ ಯಶಸ್ವಿಯಾಗಿ ಎದ್ದಾಗ ಕರ್ನೆಲ್ ಇದನ್ನು ಮತ್ತೆ ಕರೆಯುತ್ತದೆ. ಈ ವ್ಯವಸ್ಥೆ 2012ರಲ್ಲಿ ಲಿನಕ್ಸ್‌ನ 3.4ನೇ ಆವೃತ್ತಿಯಲ್ಲಿ ಬಂತು.

ಸರದಿ ತಪ್ಪಿದ್ದರೆ ಇದರಿಂದ ಸರಿಹೋಗುತ್ತದೆ. ಸುತ್ತು ಇದ್ದರೆ ಸರಿಹೋಗುವುದಿಲ್ಲ. ಎರಡು ಭಾಗಗಳೂ ‘ನೀನು ಮೊದಲು’ ಎನ್ನುತ್ತಾ ಕೂತರೆ ಇಬ್ಬರೂ ಏಳುವುದಿಲ್ಲ. ಹೀಗಾದಾಗ ಇಡೀ ಫೋನು ಸಾಯಬೇಕೆಂದಿಲ್ಲ. ಪರದೆ ಕಪ್ಪಗಿದ್ದು ಒಳಗೆ ಉಳಿದೆಲ್ಲ ನಡೆಯುತ್ತಿರಬಹುದು.

2. ಸುತ್ತಾಗುವ ಕೊಂಡಿಯನ್ನು ಹಾಕದೇ ಇರುವುದು

2017ರ ಫೆಬ್ರವರಿಯಲ್ಲಿ ಬಂದ 4.10ನೇ ಆವೃತ್ತಿಯಲ್ಲಿ ಡಿವೈಸ್ ಲಿಂಕ್ ಎಂಬ ಕೊಂಡಿಗಳು ಸೇರಿದವು. ‘ಇದಕ್ಕೆ ಅದು ಬೇಕು’ ಎಂದು ಕರ್ನೆಲ್ ತನ್ನ ದಾಖಲೆಯಲ್ಲೇ ಬರೆದುಕೊಳ್ಳುತ್ತದೆ. ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡುತ್ತದೆ.

‘ಕ್ಯಾಮೆರಾಗೆ ರೆಗ್ಯುಲೇಟರ್ ಬೇಕು’ ಎಂದು ಬರೆಯಬೇಕಿದೆ ಎಂದುಕೊಳ್ಳಿ. ರೆಗ್ಯುಲೇಟರ್ ಈಗಾಗಲೇ ಕ್ಯಾಮೆರಾವನ್ನು ನೆಚ್ಚಿಕೊಂಡಿದೆಯೇ? ನೇರವಾಗಿ ಅಲ್ಲದಿದ್ದರೂ ಮಧ್ಯೆ ಮೂರ್ನಾಲ್ಕು ಭಾಗಗಳ ಮೂಲಕ? ಕರ್ನೆಲ್ ಕ್ಯಾಮೆರಾದಿಂದ ಹೊರಟು, ಅದನ್ನು ನೆಚ್ಚಿದವರು ಯಾರು, ಅವರನ್ನು ನೆಚ್ಚಿದವರು ಯಾರು ಎಂದು ಕೊನೆಯವರೆಗೆ ಹುಡುಕುತ್ತಾ ಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ರೆಗ್ಯುಲೇಟರ್ ಸಿಕ್ಕಿದರೆ ಹೊಸ ಕೊಂಡಿಯನ್ನು ನಿರಾಕರಿಸುತ್ತದೆ. ಸಿಗದಿದ್ದರೆ ಮಾತ್ರ ಬರೆದುಕೊಳ್ಳುತ್ತದೆ. ಹೀಗಾಗಿ ಆ ದಾಖಲೆಯಲ್ಲಿ ಎಲ್ಲ ಬಾಣಗಳೂ ನಾಲೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುತ್ತವೆ.

3. ಗಂಟು ಕಂಡಲ್ಲಿ ಸಡಿಲಿಸುವುದು

ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಎಫ್‌ಡಬ್ಲ್ಯು ಡೆವ್‌ಲಿಂಕ್. ಗೂಗಲ್‌ನ ಎಂಜಿನಿಯರ್ ಸರವಣ ಕಣ್ಣನ್ ಮುಂದಾಗಿ ಬರೆದದ್ದು ಇದು. ಡಿವೈಸ್ ಟ್ರೀ ಪಟ್ಟಿಯನ್ನು ಮೊದಲೇ ಓದಿ ಎಲ್ಲ ಕೊಂಡಿಗಳನ್ನೂ ಹಾಕಿಟ್ಟರೆ ‘ಆಮೇಲೆ ಬಾ, ಮತ್ತೆ ಬಾ’ ಎಂಬ ಓಡಾಟ ತಪ್ಪುತ್ತದೆ. ಆದರೆ ಪಟ್ಟಿಯಲ್ಲಿ ಕಾಗದದ ಸುತ್ತುಗಳಿರುತ್ತವಲ್ಲ?

2021ರ ಆರಂಭದಲ್ಲಿ ಇದನ್ನು ಎಲ್ಲರಿಗೂ ಆನ್ ಮಾಡಲು ಹೊರಟಾಗ ಕೆಲವು ಯಂತ್ರಗಳಲ್ಲಿ ತೊಂದರೆ ಕಾಣಿಸಿಕೊಂಡಿತು. 5.12ನೇ ಆವೃತ್ತಿ ಹೊರಬರುವ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ತಿದ್ದುಪಡಿಗಳ ನಂತರ 5.13ರಲ್ಲಿ ಮತ್ತೆ ಆನ್ ಮಾಡಲಾಯಿತು. ಸುತ್ತು ಕಂಡುಬಂದರೆ ಆ ಗುಂಪಿನೊಳಗಿನ ಕೊಂಡಿಗಳನ್ನು ಕರ್ನೆಲ್ ಸಡಿಲಿಸುತ್ತದೆ. ‘ಇವರ ವಿಷಯದಲ್ಲಿ ನಾನು ಯಾರನ್ನೂ ತಡೆಯುವುದಿಲ್ಲ, ಡ್ರೈವರುಗಳೇ ನೋಡಿಕೊಳ್ಳಲಿ’ ಎಂಬ ನೀತಿ. ಲಿನಕ್ಸ್‌ನ ಲಾಗ್ ನೋಡುವ ಅಭ್ಯಾಸವಿದ್ದವರಿಗೆ ‘ಫಿಕ್ಸ್ಡ್ ಡಿಪೆಂಡೆನ್ಸಿ ಸೈಕಲ್ಸ್’ ಎಂಬ ಸಾಲು ಕಂಡಿರಬಹುದು. ಅದು ಎಚ್ಚರಿಕೆಯ ಗಂಟೆಯಲ್ಲ, ಸುತ್ತನ್ನು ಕಂಡು ಸಡಿಲಿಸಿದ್ದೇನೆ ಎಂಬ ವರದಿ.

ಎಲ್ಲ ಕೊಂಡಿ ಸಡಿಲವಾದರೆ ಸರದಿಯ ಖಾತರಿಯೂ ಹೋಗುತ್ತದೆ. ಅದಕ್ಕಾಗಿ 2024ರಲ್ಲಿ ಇನ್ನೊಂದು ಅನುಕೂಲ ಸೇರಿತು. ‘ಈ ಭಾಗ ಬೇಕು ನಿಜ, ಆದರೆ ಏಳುವಾಗ ಅಲ್ಲ, ಎದ್ದ ಮೇಲೆ’ ಎಂದು ಪಟ್ಟಿ ಬರೆಯುವವರೇ ಗುರುತು ಹಾಕಬಹುದು. ಆಲೆಮನೆಯ ಯಜಮಾನನೇ ಬಂದು ‘ಒಲೆಗೆ ಬೇಕಾದ್ದು ಹಿಂದಿನ ಸಿಪ್ಪೆ’ ಎಂದು ಬರೆದು ಕೊಟ್ಟ ಹಾಗೆ.

4. ತಂದೆಗಾಗಿ ಕಾಯದೆ ಹೆಸರು ಬರೆಸುವುದು

ಕ್ಲಾಕ್‌ಗಳ ವಿಷಯದಲ್ಲಿ ಕರ್ನೆಲ್ ಇನ್ನೊಂದು ಜಾಣತನ ಮಾಡುತ್ತದೆ. ಒಂದು ಮಿಡಿತ ಯಾವ ಮೂಲದಿಂದ ಬರಬೇಕೋ ಆ ಮೂಲ ಇನ್ನೂ ಬಂದಿಲ್ಲದಿದ್ದರೂ ಅದನ್ನು ದಾಖಲಿಸಿಕೊಳ್ಳುತ್ತದೆ. ಇಂಥವನ್ನು ಕರ್ನೆಲ್ ಕರೆಯುವುದೇ ‘ಆರ್ಫನ್’, ಅಂದರೆ ಅನಾಥ ಎಂದು. ಮೂಲ ಬಂದ ಕೂಡಲೇ ಅದರ ಮಡಿಲಿಗೆ ಸೇರಿಸುತ್ತದೆ. ಮೇಲೆ ಹೇಳಿದ ಪರದೆಯ ಸುತ್ತು ಬಿಡುವುದು ಇದರಿಂದಲೇ. ಕಂಟ್ರೋಲರ್ ಮೊದಲು ಏಳುತ್ತದೆ, ಆಜ್ಞೆಯ ಮಿಡಿತ ಕೊಡುತ್ತದೆ, ಫೈ ಏಳುತ್ತದೆ, ಆಮೇಲೆ ಚುಕ್ಕಿಗಳ ಮಿಡಿತ ಬಂದು ಸೇರುತ್ತದೆ.

ಮಲಗಿಸುವಾಗಲೂ ಸರದಿ ಬೇಕು

ಪವರ್ ಬಟನ್ ಒತ್ತಿ ಪರದೆ ಆರಿಸಿ ಜೇಬಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಫೋನಿನ ಹಲವು ಭಾಗಗಳು ನಿದ್ದೆಗೆ ಹೋಗುತ್ತವೆ. ಆಗ ಸರದಿ ತಿರುಗುಮುರುಗು. ಪಡೆಯುವ ಭಾಗ ಮೊದಲು ಮಲಗಬೇಕು, ಪೂರೈಸುವ ಭಾಗ ಆಮೇಲೆ. ಏಳುವಾಗ ಪೂರೈಸುವವರು ಮೊದಲು. ಕ್ಯಾಮೆರಾ ಕೆಲಸ ಮಾಡುತ್ತಿರುವಾಗಲೇ ಅದರ ಕರೆಂಟು ಕಿತ್ತರೆ ಏನಾಗಬಹುದು ಎಂದು ನೀವೇ ಊಹಿಸಿ. ದಾಖಲೆಯಲ್ಲಿ ಸುತ್ತು ಉಳಿದಿದ್ದರೆ ಯಾರು ಮೊದಲು ಮಲಗಬೇಕು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಸುತ್ತನ್ನು ತಡೆಯುವುದು ಆನ್ ಆಗಲಿ ಎಂದಷ್ಟೇ ಅಲ್ಲ, ಬ್ಯಾಟರಿ ಉಳಿಯಲಿ, ಎದ್ದಾಗ ಎಲ್ಲವೂ ಸರಿಯಿರಲಿ ಎಂದೂ ಹೌದು.

ವಾಟ್ಸಾಪ್ ನಿಂತ ರಾತ್ರಿ

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ನಿಂತುಹೋಗಿದ್ದವು. ದುರಸ್ತಿಯ ವೇಳೆ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಜಾಲ ಕಡಿದುಹೋಯಿತು. ಸರಿಮಾಡಲು ಎಂಜಿನಿಯರುಗಳಿಗೆ ಬೇಕಿದ್ದ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದವು! ಜಾಲ ಸರಿಯಾಗಲು ಸಲಕರಣೆ ಬೇಕು, ಸಲಕರಣೆಗೆ ಜಾಲ ಬೇಕು. ಕೊನೆಗೆ ಜನರನ್ನೇ ಡೇಟಾ ಸೆಂಟರ್‌ಗೆ ಕಳಿಸಬೇಕಾಯಿತು. ಹೊರಗಿನಿಂದ ಸುರಿದ ಬಿಂದಿಗೆ ನೀರು ಎಂದರೆ ಇದೇ. ಸುತ್ತು ಅವಲಂಬನೆ ದೊಡ್ಡವರನ್ನೂ ಬಿಡುವುದಿಲ್ಲ.

ಈಗ ಲೋಗೋಗೆ ಬರೋಣ

ಫೋನಿನಲ್ಲಿ ಆ ಮೊದಲ ಬಿಂದಿಗೆ ನೀರು ಸುರಿಯುವುದು ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶ. ಕರ್ನೆಲ್ ಏಳುವ ಮುಂಚೆಯೇ ಅದು ಅಗತ್ಯದ ಭಾಗಗಳಿಗೆ ಕರೆಂಟು ಕೊಟ್ಟು, ಪರದೆಯನ್ನು ಬೆಳಗಿಸಿ ಕಂಪನಿಯ ಲೋಗೋ ತೋರಿಸುತ್ತದೆ. ಆಮೇಲೆ ಕರ್ನೆಲ್ ಬಂದು ಅಧಿಕಾರ ವಹಿಸಿಕೊಳ್ಳುತ್ತದೆ. ಇದರಿಂದ ನಿಮಗೊಂದು ಉಪಯುಕ್ತ ಸುಳಿವು ಸಿಗುತ್ತದೆ.

ಅಲುಗಾಡದ ಲೋಗೋ: ಸಾಮಾನ್ಯವಾಗಿ ಇದು ಬೂಟ್‌ಲೋಡರ್ ತೋರಿಸುವ ಚಿತ್ರ. ಫೋನ್ ಇಲ್ಲೇ ನಿಂತರೆ ತೊಂದರೆ ಕರ್ನೆಲ್‌ನಲ್ಲೋ, ಅರ್ಧಕ್ಕೆ ನಿಂತ ಅಪ್‌ಡೇಟ್‌ನಲ್ಲೋ, ಹಾರ್ಡ್‌ವೇರ್‌ನಲ್ಲೋ ಇರುವ ಸಾಧ್ಯತೆ ಹೆಚ್ಚು. ರೀಸೆಟ್‌ನಿಂದ ಪ್ರಯೋಜನವಾಗುವ ಸಾಧ್ಯತೆ ಕಡಿಮೆ.

ಚಲಿಸುವ, ಮಿನುಗುವ ಲೋಗೋ: ಇದು ಆಂಡ್ರಾಯ್ಡ್‌ನದೇ ಅನಿಮೇಶನ್. ಇದು ಕಾಣುತ್ತಿದೆ ಎಂದರೆ ಕರ್ನೆಲ್ ಎದ್ದಿದೆ, ಪರದೆಯ ಸರದಿಯೂ ಸರಿಯಾಗಿ ಮುಗಿದಿದೆ. ಇದೇ ಮುಗಿಯದೆ ಓಡುತ್ತಿದ್ದರೆ ದೋಷ ಮೇಲಿನ ಹಂತದಲ್ಲಿ, ಅಂದರೆ ಸಿಸ್ಟಮ್, ಆ್ಯಪ್ ಅಥವಾ ಡೇಟಾದಲ್ಲಿ ಇರಬಹುದು.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಲೋಗೋದಲ್ಲಿ ನಿಂತರೆ ವೈರಸ್ ಬಂದಿದೆ ಎಂದರ್ಥ.
ವಾಸ್ತವ: ಅರ್ಧಕ್ಕೆ ನಿಂತ ಅಪ್‌ಡೇಟ್, ತುಂಬಿದ ಅಥವಾ ಹಾಳಾದ ಸ್ಟೋರೇಜ್, ದುರ್ಬಲ ಬ್ಯಾಟರಿ, ಒಳಗಿನ ಭಾಗದ ದೋಷ ಹೀಗೆ ಕಾರಣಗಳು ಹಲವು.

ನಂಬಿಕೆ: ಒಂದು ಫೋಟೊದಿಂದ ಫೋನ್ ಹಾಳಾಗುವುದು ಬರೀ ಸುಳ್ಳು.
ವಾಸ್ತವ: ಒಮ್ಮೆ ನಿಜವಾಗಿಯೂ ಆಗಿತ್ತು. 2020ರಲ್ಲಿ ಒಂದು ಸರೋವರದ ಚಿತ್ರವನ್ನು ವಾಲ್‌ಪೇಪರ್ ಮಾಡಿದಾಗ ಆಂಡ್ರಾಯ್ಡ್ 10 ಇದ್ದ ಕೆಲವು ಫೋನುಗಳ ಪರದೆ ಪದೇ ಪದೇ ಆಫ್ ಆಗಿ ಆನ್ ಆಗತೊಡಗಿತು. ಚಿತ್ರದ ಬಣ್ಣದ ಮಾಹಿತಿಯನ್ನು ತಂತ್ರಾಂಶ ತಪ್ಪಾಗಿ ಲೆಕ್ಕ ಹಾಕಿದ್ದು ಕಾರಣ. ಅದು ವೈರಸ್ ಅಲ್ಲ, ಭಾಗಗಳ ಸರದಿಯ ತೊಂದರೆಯೂ ಅಲ್ಲ. ಚಿತ್ರವನ್ನು ಬರೀ ನೋಡಿದವರಿಗೆ ಏನೂ ಆಗಲಿಲ್ಲ.

ನಂಬಿಕೆ: ರೀಸ್ಟಾರ್ಟ್ ಮಾಡುವುದು ಬರೀ ಸಮಾಧಾನಕ್ಕೆ.
ವಾಸ್ತವ: ರೀಸ್ಟಾರ್ಟ್ ಮಾಡಿದಾಗ ಎಲ್ಲ ಭಾಗಗಳೂ ಮೊದಲಿನಿಂದ ಸರದಿಯಂತೆ ಏಳುತ್ತವೆ. ತಾತ್ಕಾಲಿಕ ಗೊಂದಲಕ್ಕೆ ಇದು ನಿಜಕ್ಕೂ ಮದ್ದು.

ನಂಬಿಕೆ: ಹೊಸ ಫೋನುಗಳು ಸುತ್ತು ಅವಲಂಬನೆಯಿಂದ ಆಗಾಗ ನಿಲ್ಲುತ್ತವೆ.
ವಾಸ್ತವ: ಅಂಗಡಿಗೆ ಬರುವ ಮುಂಚೆ ತಯಾರಕರು ಇದನ್ನು ಪರೀಕ್ಷಿಸಿರುತ್ತಾರೆ. ಹೊಸ ಬೋರ್ಡಿಗೆ ಕರ್ನೆಲ್ ಹೊಂದಿಸುವ ಎಂಜಿನಿಯರುಗಳಿಗೆ, ಫೋನಿಗೆ ಕಸ್ಟಮ್ ರಾಮ್ ಹಾಕಿಕೊಳ್ಳುವವರಿಗೆ ಇದು ಎದುರಾಗುವುದು ಹೆಚ್ಚು. ಒಂದು ಫೋನಿನ ಡಿವೈಸ್ ಟ್ರೀಯನ್ನು ಇನ್ನೊಂದಕ್ಕೆ ಹಾಕಿದರೆ ಫೋನ್ ಏಳದೇ ಹೋಗಬಹುದು.

ನಿಮ್ಮ ಫೋನ್ ಲೋಗೋದಲ್ಲಿ ನಿಂತರೆ ಏನು ಮಾಡಬೇಕು?

1. ಅಪ್‌ಡೇಟ್ ಆದ ತಕ್ಷಣವಾದರೆ ಸ್ವಲ್ಪ ಕಾಯಿರಿ. ಮೊದಲ ಬಾರಿ ಏಳಲು ಹೆಚ್ಚು ಹೊತ್ತು ಬೇಕಾಗಬಹುದು.
2. ಸರಿಯಾದ ಚಾರ್ಜರಿನಲ್ಲಿ ಅರ್ಧ ಗಂಟೆ ಚಾರ್ಜ್ ಮಾಡಿ.
3. ಪವರ್ ಬಟನ್ ಒಂದನ್ನೇ, ಅಥವಾ ಅದರ ಜೊತೆ ವಾಲ್ಯೂಮ್ ಡೌನ್ ಬಟನ್ ಅನ್ನು, ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿದು ಬಲವಂತವಾಗಿ ರೀಸ್ಟಾರ್ಟ್ ಮಾಡಿ. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ಇದರಿಂದ ಡೇಟಾ ಅಳಿಯುವುದಿಲ್ಲ.
4. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು ಮತ್ತೊಮ್ಮೆ ಪ್ರಯತ್ನಿಸಿ.
5. ಸೇಫ್ ಮೋಡ್‌ಗೆ ಹೋಗಲು ಸಾಧ್ಯವಾದರೆ ಇತ್ತೀಚೆಗೆ ಹಾಕಿದ ಆ್ಯಪ್ ತೆಗೆಯಿರಿ.
6. ಆಗಲೂ ಆಗದಿದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ, ‘ಡೇಟಾ ಅಳಿಸುವ ಮುಂಚೆ ನನ್ನನ್ನು ಕೇಳಿ’ ಎಂದು ಮೊದಲೇ ಹೇಳಿ.
7. ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ.

2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಹಲವು ಫೋನುಗಳಲ್ಲಿ ಸಿಸ್ಟಮ್‌ನ ಎರಡು ಪ್ರತಿ ಇಡುವ ವ್ಯವಸ್ಥೆಯೂ ಇದೆ. ಹೊಸ ಅಪ್‌ಡೇಟ್ ಏಳದಿದ್ದರೆ ಫೋನು ತಾನೇ ಹಳೆಯ ಪ್ರತಿಗೆ ಮರಳಬಲ್ಲದು. ಗಾಬರಿಯಾಗದೆ ಒಂದೆರಡು ಬಾರಿ ರೀಸ್ಟಾರ್ಟ್ ಮಾಡಿ ನೋಡಲು ಇದೂ ಒಂದು ಕಾರಣ.

ಕೊನೆಯ ಮಾತು

ಬ್ಯಾಕಪ್ ಕೂಡ ಒಂದು ಅವಲಂಬನೆಯೇ. ನಿಮ್ಮ ಫೋಟೊಗಳ ಒಂದೇ ಪ್ರತಿ ಫೋನಿನಲ್ಲಿದ್ದರೆ ನೆನಪುಗಳೆಲ್ಲ ಆ ಒಂದು ಯಂತ್ರವನ್ನೇ ನೆಚ್ಚಿಕೊಂಡಿರುತ್ತವೆ. ಬ್ಯಾಕಪ್‌ನ ಪಾಸ್‌ವರ್ಡ್ ಕೂಡ ಅದೇ ಫೋನಿನಲ್ಲಿ ಮಾತ್ರ ಇದ್ದರೆ ಅದು ಮತ್ತೊಂದು ಸುತ್ತು: ಬ್ಯಾಕಪ್ ತೆರೆಯಲು ಫೋನ್ ಬೇಕು, ಫೋನ್ ಹೋದದ್ದಕ್ಕೇ ಬ್ಯಾಕಪ್ ಬೇಕು! ಇವತ್ತೇ ಒಂದು ಪ್ರತಿ ಬೇರೆಡೆ ಇಡಿ, ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಮನೆಯಲ್ಲಿಡಿ. ‘ತಕ್ಷಣ ರೀಸೆಟ್ ಮಾಡಿ’ ಎಂಬ ಸಂದೇಶ ಮುಂದಿನ ಬಾರಿ ಬಂದಾಗ ಕಳಿಸಿದವರಿಗೆ ಈ ಲೇಖನ ಕಳಿಸಿ.